ಇಸ್ತ್ರಿ ಪೆಟ್ಟಿಗೆ ಹಾಕಿದರೆ ಬೀಳುತ್ತಿದ್ದ ಆರ್‌ಸಿಸಿಬಿ: ಮಾಟುಂಗದ ಒಂದು ಮನೆಯ ಪ್ರಕರಣ

ಮನೆ ಇರುವುದು ಮುಂಬೈಯ ಮಾಟುಂಗದಲ್ಲಿ. 1940ರ ದಶಕದ ಕಟ್ಟಡ, ಮೂರನೇ ಮಾಳಿಗೆ. ಎರಡು ಕೋಣೆ, ಅಡುಗೆಮನೆ, ಅದಕ್ಕೆ ತಾಗಿಕೊಂಡು ಒಂದು ಸಣ್ಣ ಬಾಲ್ಕನಿ. ಮನೆಯವರು ಕುಂದಾಪುರ ಕಡೆಯವರು. ಸಂಬಂಧದಲ್ಲಿ ನನಗೆ ಅಕ್ಕ, ಭಾವ. ಭಾವ ಮೊದಲು ಹೋಟೆಲ್ ನಡೆಸುತ್ತಿದ್ದರು, ಈಗ ಬಿಡುವಾಗಿದ್ದಾರೆ. ಮನೆಯ ಸಣ್ಣಪುಟ್ಟ ಕರೆಂಟ್ ಕೆಲಸ ತಾವೇ ಮಾಡಿಕೊಳ್ಳುವ ಆಸಕ್ತಿ ಇದೆ. ಕೈ ಚುರುಕು, ಅವಸರ ಇಲ್ಲ. ಈ ಕೆಲಸಕ್ಕೆ ಬೇಕಾದ ಗುಣಗಳೇ ಅವು. ನಾನು ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ನಿರ್ವಹಣೆ ನೋಡಿಕೊಳ್ಳುತ್ತೇನೆ. ಸೂಪರ್‌ವೈಸರ್ ಪರವಾನಗಿ ಇದೆ. ಹೀಗಾಗಿ ಇಸ್ತ್ರಿ ಹಾಕಿದಾಗ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬಿದ್ದು, ಅಂದರೆ ಆಫ್ ಆಗಿ, ಮನೆಯ ಕರೆಂಟ್ ಕಡಿಯುವ ಸ್ವಿಚ್) ಬೀಳಲು ಶುರುವಾದಾಗ ಭಾವ ನನಗೆ ಫೋನ್ ಮಾಡಿದರು.

ಹಳೆಯ ಕಟ್ಟಡಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮವರು ಮುಂಬೈಯಲ್ಲಿ ತುಂಬ ಜನ ಇದ್ದಾರೆ. ಇಂಥದೇ ವೈರಿಂಗ್ ಎಷ್ಟೋ ಮನೆಗಳಲ್ಲಿದೆ. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಮನೆಯ ಹಳೆಯ ವೈರಿಂಗ್

ಕೆಳಗಿನ ಮೀಟರ್ ರೂಮಿನಿಂದ ಮನೆಗೆ ಫೇಸ್ (ಕರೆಂಟ್ ತರುವ ವೈರ್), ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರ್), ಜೊತೆಗೆ ನೆಲಕ್ಕೆ ಸೇರುವ ಒಂದು ಅರ್ಥ್ ವೈರ್ ಬಂದಿದೆ. ಮಾಟುಂಗಕ್ಕೆ ವಿದ್ಯುತ್ ಕೊಡುವುದು ಬೆಸ್ಟ್, ಮುಂಬೈಯ ಬಸ್ಸು ಓಡಿಸುವ ಸಂಸ್ಥೆಯೇ. ಮೀಟರ್ ವರೆಗಿನದು ಅವರದು, ಅಲ್ಲಿಂದ ಈಚೆಗೆ ಮನೆಯವರದು. ಮೀಟರಿನ ಸೀಲ್ ಮುಟ್ಟುವ ಹಾಗೇ ಇಲ್ಲ.

ಮನೆಯೊಳಗಿನ ವೈರಿಂಗ್ ಒಂದೇ ಸಲ ಆದದ್ದಲ್ಲ. ದೀಪ, ಫ್ಯಾನಿನದು ಹಳೆಯ ಅಲ್ಯೂಮಿನಿಯಂ ವೈರ್. ಅಡುಗೆಮನೆಯ 16 ಆಂಪಿಯರ್ ಪಾಯಿಂಟಿಗೆ ತಾಮ್ರದ ವೈರ್, ಅರ್ಥಿಂಗ್ ಸಮೇತ. ಬಚ್ಚಲುಮನೆಯ ಗೀಸರ್ ಪಾಯಿಂಟ್ ಆಮೇಲೆ ಹಾಕಿಸಿದ್ದು. ಬಾಲ್ಕನಿಯ ವಾಷಿಂಗ್ ಮಷಿನ್ ಪಾಯಿಂಟ್ ಅದಕ್ಕಿಂತ ಈಚಿನದು. ಒಬ್ಬೊಬ್ಬ ವೈರ್‌ಮನ್ ಬಂದು ತನಗೆ ಬೇಕಾದಷ್ಟು ಸೇರಿಸಿ ಹೋಗಿದ್ದಾನೆ. ಎಲ್ಲಿಂದ ಎಲ್ಲಿಗೆ ಏನು ಹೋಗಿದೆ ಎಂಬ ಚೀಟಿ ಎಲ್ಲೂ ಇಲ್ಲ.

ಮೊದಲ ತೊಂದರೆ ಬಂದದ್ದು ವಾಷಿಂಗ್ ಮಷಿನ್ನಿಂದ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮಷಿನ್ ಮುಟ್ಟಿದರೆ ಅಕ್ಕನಿಗೆ ಕೈ ಜುಮ್ ಎನ್ನುತ್ತಿತ್ತು. ಸಾಕೆಟ್ ಬಿಚ್ಚಿ ನೋಡಿದರೆ ಅರ್ಥ್ ತೂತಿನ ಹಿಂದೆ ವೈರೇ ಇರಲಿಲ್ಲ. ಮೂರು ತೂತು ಇದೆ, ಮೂರನೆಯದಕ್ಕೆ ಏನೂ ಸೇರಿಸಿಲ್ಲ. ಮಷಿನ್ ಒಳಗಿನ ವಿದ್ಯುತ್ ಫಿಲ್ಟರಿನಿಂದ (ನೀರಿನದಲ್ಲ, ಕರೆಂಟಿನ ಗದ್ದಲ ತಡೆಯುವ ಭಾಗ) ಸ್ವಲ್ಪವೇ ಸ್ವಲ್ಪ ಕರೆಂಟ್ ಅದರ ಮೈಗೆ ಬರುತ್ತಿರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮೈಯಲ್ಲೇ ನಿಲ್ಲುತ್ತದೆ. ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡಿದಾಗ ಮಷಿನ್ ಮೈಗೂ ನ್ಯೂಟ್ರಲ್ಲಿಗೂ ನಡುವೆ 100 ವೋಲ್ಟಿನ ಹತ್ತಿರ ತೋರಿಸಿತು. ಆ ಕರೆಂಟ್ ತೀರ ಕಡಿಮೆ, ಹಾಗಾಗಿ ಜುಮ್ ಎಂದು ಬಿಡುತ್ತದೆ. ಆದರೆ ಮಷಿನ್ ಒಳಗೆ ಎಲ್ಲಾದರೂ ವೈರಿನ ಸಿಪ್ಪೆ ಸುಲಿದಿದ್ದರೆ ಅದೇ ಜಾಗದಲ್ಲಿ ಪೂರ್ತಿ 230 ವೋಲ್ಟ್ ಇರುತ್ತಿತ್ತು.

ಏಪ್ರಿಲ್ ಕೊನೆಗೆ ಭಾವ ಪರವಾನಗಿ ಇರುವ ಒಬ್ಬ ಕಂಟ್ರಾಕ್ಟರನ್ನು ಕರೆಸಿದರು. ವಾಷಿಂಗ್ ಮಷಿನ್ನಿಗೆ ಅರ್ಥ್ ವೈರ್ ಎಳೆಸಿದರು. ಹಳೆಯ ಫ್ಯೂಸ್ ಬೋರ್ಡ್ ತೆಗೆಸಿ ಹೊಸ ಡಿಬಿ (ಮನೆಯ ಸರ್ಕಿಟ್ಟುಗಳೆಲ್ಲ ಕವಲೊಡೆಯುವ ಪೆಟ್ಟಿಗೆ) ಹಾಕಿಸಿದರು. ಅದರಲ್ಲಿ 40 ಆಂಪಿಯರ್, 30 ಮಿಲಿ ಆಂಪಿಯರಿನ ಒಂದು ಆರ್‌ಸಿಸಿಬಿ, ಅದರ ಮುಂದೆ ಸಾಲಾಗಿ ಎಂಸಿಬಿಗಳು, ಅಂದರೆ ಕರೆಂಟ್ ಮಿತಿಮೀರಿದರೆ ಆಫ್ ಆಗುವ, ಒಂದೊಂದು ಸರ್ಕಿಟ್ಟಿಗೆ ಒಂದೊಂದು ಸ್ವಿಚ್. ಮಷಿನ್ನಿನ ಜುಮ್ ಅಂದಿಗೇ ನಿಂತಿತು.

ಹೊಸ ತೊಂದರೆ

ಮೇ ತಿಂಗಳಲ್ಲಿ ಆರ್‌ಸಿಸಿಬಿ ಬೀಳಲು ಶುರುವಾಯಿತು. ಇಸ್ತ್ರಿ ಪೆಟ್ಟಿಗೆ ಹಾಕಿದರೆ ಟಪ್ ಎಂದು ಇಡೀ ಮನೆ ಕತ್ತಲೆ. ಬೆಳಿಗ್ಗೆ ಹಾಕಿದರೆ ಕೆಲವೊಮ್ಮೆ ಏನೂ ಆಗುತ್ತಿರಲಿಲ್ಲ. ಸಂಜೆ ಏಳರ ಮೇಲೆ ಹಾಕಿದರೆ ಬಿದ್ದೇ ಬೀಳುತ್ತಿತ್ತು. ಕೆಲವು ಸಲ ಮಿಕ್ಸಿಗೂ ಬೀಳುತ್ತಿತ್ತು.

ಈ ಹೊತ್ತಿನ ಲೆಕ್ಕ ಸಿಕ್ಕಿದ್ದು ಅವರ ಮಗಳಿಂದ. ಕಾಲೇಜಿಗೆ ಹೋಗುವ ಹುಡುಗಿ. ಬಿದ್ದಾಗಲೆಲ್ಲ ಗಂಟೆ ಎಷ್ಟು, ಯಾವ ಯಾವ ಸ್ವಿಚ್ ಹಾಕಿತ್ತು ಎಂದು ಗೋಡೆಯ ಪಂಚಾಂಗದ ಬದಿಯಲ್ಲಿ ಬರೆದಿಟ್ಟಿದ್ದಳು. ಯಾವ ಮನೆಯಲ್ಲೇ ಆಗಲಿ, ಬಿಟ್ಟು ಬಿಟ್ಟು ಬರುವ ಇಂಥ ತೊಂದರೆಗೆ ಈ ಟಿಪ್ಪಣಿಯಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ. ನಾನು ಮೊದಲು ಓದಿದ್ದು ಅದನ್ನೇ.

ಇಸ್ತ್ರಿ ಪೆಟ್ಟಿಗೆಯೇ ಕೆಟ್ಟಿದೆ ಎಂದು ಕಂಟ್ರಾಕ್ಟರ್ ಹೇಳಿದರು. ಪಕ್ಕದ ಮನೆಯಲ್ಲಿ, ಅಲ್ಲಿಯೂ ಆರ್‌ಸಿಸಿಬಿ ಇದೆ, ಅದೇ ಪೆಟ್ಟಿಗೆ ಚೆನ್ನಾಗಿಯೇ ನಡೆಯಿತು. ಇನ್ನೊಬ್ಬ ವೈರ್‌ಮನ್ ಬಂದು, ಹಳೆಯ ಮನೆಗೆ ಇದೆಲ್ಲ ಆಗಿಬರುವುದಿಲ್ಲ, ಆರ್‌ಸಿಸಿಬಿ ತೆಗೆದು ನೇರ ಕೊಟ್ಟುಬಿಡಿ ಎಂದ. ಬೇಡವೆಂದರೆ 100 ಮಿಲಿ ಆಂಪಿಯರಿನದು ಹಾಕಿ, ಬೀಳುವುದಿಲ್ಲ ಎಂದೂ ಹೇಳಿದ.

ಅದು ಬೀಳುವುದಿಲ್ಲ, ನಿಜ. ಆದರೆ ಮನುಷ್ಯನ ಜೀವ ಕಾಯಲು ಬೇಕಾದದ್ದು 30 ಮಿಲಿ ಆಂಪಿಯರಿನದು. 100 ಮಿಲಿ ಆಂಪಿಯರ್ ಮೈಯಲ್ಲಿ ಹರಿದರೆ ಗುಂಡಿಗೆ ನಿಲ್ಲಬಹುದು. ಆರ್‌ಸಿಸಿಬಿ ಪದೇಪದೇ ಬೀಳುತ್ತಿದ್ದರೆ ಅದು ಏನೋ ತೋರಿಸುತ್ತಿದೆ ಎಂದೇ ಅರ್ಥ. ಅದನ್ನು ತೆಗೆದು ಹಾಕುವ ಸಲಹೆ ಯಾರೇ ಕೊಡಲಿ, ಕೇಳಬೇಡಿ. ಭಾವ ಕೇಳಲಿಲ್ಲ. "ಎಂತ ಮಾರಾಯ, ದುಡ್ಡು ಕೊಟ್ಟು ಹಾಕಿಸಿದ್ದು ತೆಗೆಯುವುದಕ್ಕಾ? ನೀನೊಮ್ಮೆ ಬಂದು ನೋಡು" ಎಂದರು.

ಮನೆಯವರೇ ಮಾಡಿದ ಹುಡುಕಾಟ

ನಾನು ಹೋಗುವುದಕ್ಕೆ ಮೊದಲೇ ಭಾವ ತಾವಾಗಿ ಹುಡುಕಿದ್ದರು. ಅವರ ಕ್ರಮ ಸರಿಯಾಗಿಯೇ ಇತ್ತು. ಎಲ್ಲ ಎಂಸಿಬಿ ಆಫ್ ಮಾಡಿ, ಇಸ್ತ್ರಿಯ ಸರ್ಕಿಟ್ ಒಂದನ್ನೇ ಆನ್ ಇಟ್ಟು ನೋಡಿದರು. ಆಗಲೂ ಬಿತ್ತು. ಸರಿ, ತಪ್ಪು ಆ ಸರ್ಕಿಟ್ಟಿನಲ್ಲೇ ಇದೆ ಎಂದುಕೊಂಡು ಆ ಸಾಕೆಟ್ ಬಿಚ್ಚಿದರು. ಅಲ್ಲಿ ಎಲ್ಲ ಸರಿ ಇತ್ತು. ಪೆಟ್ಟಿಗೆಯನ್ನು ಬೇರೆ ಕೋಣೆಯ ಸಾಕೆಟ್ಟಿಗೆ ಹಾಕಿದರು. ಅಲ್ಲಿಯೂ ಬಿತ್ತು.

ಮುಂಬೈಯ ವಿದ್ಯುತ್ ಸಾಮಾನಿನ ಪೇಟೆಯಾದ ಲೋಹಾರ್ ಚಾಳಿಗೆ ಹೋಗಿ ಮೂರು ದೀಪದ ಸಾಕೆಟ್ ಟೆಸ್ಟರ್ ಒಂದನ್ನು ತಂದರು. ಅದನ್ನು ಸಾಕೆಟ್ಟಿಗೆ ಚುಚ್ಚಿದರೆ ಫೇಸ್, ನ್ಯೂಟ್ರಲ್, ಅರ್ಥ್ ಸರಿಯಾಗಿದೆಯೋ ಇಲ್ಲವೋ ದೀಪ ನೋಡಿ ಹೇಳಬಹುದು. ಮನೆಯ ಎಲ್ಲ ಸಾಕೆಟ್ಟಿಗೂ ಹಾಕಿ ನೋಡಿದರು. ಕೋಣೆಯ ಎರಡು ಹಳೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲ ಎಂದು ತೋರಿಸಿತು. ಗೀಸರ್ ಪಾಯಿಂಟಿನಲ್ಲಿ ಎಲ್ಲವೂ ಸರಿ ಎಂದು ತೋರಿಸಿತು. ಹೇಗೂ ಬೇಸಿಗೆ, ಗೀಸರನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಟೆಸ್ಟರ್ ಹಾಕಿ ನೋಡಿ, ಪ್ಲಗ್ಗನ್ನು ಮತ್ತೆ ಸಾಕೆಟ್ಟಿಗೆ ಸಿಕ್ಕಿಸಿ ಅದರ ವಿಷಯ ಮರೆತರು.

ಬೇಸಿಗೆ ಆದದ್ದು ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಮಳೆಗಾಲವಾಗಿದ್ದರೆ ಎಲ್ಲರೂ ಗೋಡೆಯ ತೇವ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಮುಂಬೈಯಲ್ಲಿ ಜೂನ್ ನಂತರ ತೇವಕ್ಕೆ ಬೀಳುವುದೂ ಇದೆ. ಆದರೆ ಮೇ ತಿಂಗಳ ಒಣ ಗೋಡೆಯಲ್ಲಿ ಆ ಕಾರಣ ನಿಲ್ಲುವುದಿಲ್ಲ.

ನ್ಯೂಟ್ರಲ್ ಬಾರಿನಲ್ಲಿ ಸಿಕ್ಕಿದ್ದು

ಆರ್‌ಸಿಸಿಬಿ ಮಾಡುವ ಕೆಲಸ ಇಷ್ಟೇ. ಫೇಸಿನಲ್ಲಿ ಹೋದ ಕರೆಂಟ್ ಎಷ್ಟು, ನ್ಯೂಟ್ರಲ್ಲಿನಲ್ಲಿ ವಾಪಸ್ ಬಂದದ್ದು ಎಷ್ಟು ಎಂದು ನೋಡುತ್ತಲೇ ಇರುತ್ತದೆ. ಹೋಟೆಲಿನಲ್ಲಿ ಹೊರಗೆ ಹೋದ ತಟ್ಟೆ, ಒಳಗೆ ಬಂದ ತಟ್ಟೆ ಲೆಕ್ಕ ಇಟ್ಟ ಹಾಗೆ ಎಂದು ಭಾವನಿಗೆ ಹೇಳಿದೆ, ಥಟ್ಟನೆ ಹಿಡಿಸಿತು. ಲೆಕ್ಕ ತಪ್ಪಿದರೆ ಆ ಕರೆಂಟ್ ಬೇರೆ ದಾರಿಯಲ್ಲಿ ಹೋಗುತ್ತಿದೆ. ಅದು ಮನುಷ್ಯನ ಮೈಯೂ ಆಗಿರಬಹುದು. 30 ಮಿಲಿ ಆಂಪಿಯರ್ ಎಂದು ಬರೆದ ಆರ್‌ಸಿಸಿಬಿ 30ಕ್ಕೆ ಬೀಳಲೇಬೇಕು, 15ರ ಕೆಳಗೆ ಬೀಳಬಾರದು.

ಹಾಗಿದ್ದರೆ ಬೇರೆ ಎಂಸಿಬಿ ಎಲ್ಲ ಆಫ್ ಇದ್ದರೂ ಯಾಕೆ ಬಿತ್ತು? ಇಲ್ಲೇ ಜಾಸ್ತಿ ಜನ ದಾರಿ ತಪ್ಪುವುದು. ಮನೆಯಲ್ಲಿ ಹಾಕುವ ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ವೈರುಗಳೆಲ್ಲ ಡಿಬಿಯ ಒಂದೇ ಹಿತ್ತಾಳೆ ಪಟ್ಟಿಗೆ, ಅಂದರೆ ನ್ಯೂಟ್ರಲ್ ಬಾರಿಗೆ, ಸೇರಿರುತ್ತವೆ, ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಯಾವುದೋ ಒಂದು ಸರ್ಕಿಟ್ಟಿನ ನ್ಯೂಟ್ರಲ್ ಎಲ್ಲೋ ನೆಲಕ್ಕೆ ತಾಗಿದ್ದರೆ, ಅದರ ಎಂಸಿಬಿ ಆಫ್ ಮಾಡಿದರೂ ಆ ತಾಗುವಿಕೆ ಹಾಗೇ ಉಳಿಯುತ್ತದೆ. ಇಸ್ತ್ರಿಯ ಕರೆಂಟ್ ಬಾರಿಗೆ ಬಂದಾಗ ಅದರ ಒಂದು ಸಣ್ಣ ಪಾಲು ಆ ಕಳ್ಳದಾರಿಯಲ್ಲಿ ಹೋಗುತ್ತದೆ. ಲೆಕ್ಕ ತಪ್ಪುತ್ತದೆ. ಬೀಳುತ್ತದೆ. ಇಸ್ತ್ರಿ ಪೆಟ್ಟಿಗೆಯ ತಪ್ಪೇನೂ ಇಲ್ಲ. ಆ ಮನೆಯಲ್ಲಿ ಆ ಕಾಲಕ್ಕೆ ಎಲ್ಲಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತಿದ್ದದ್ದು ಅದು, ಅಷ್ಟೇ. 1000 ವ್ಯಾಟನ್ನು 230ರಿಂದ ಭಾಗಿಸಿದರೆ 4.3 ಆಂಪಿಯರ್.

ಸಂಜೆ ಜಾಸ್ತಿ ಬೀಳುವುದಕ್ಕೂ ಇದರಲ್ಲೇ ಉತ್ತರ ಇದೆ. ಕಟ್ಟಡದ ಎಲ್ಲ ಮನೆಗಳ ನ್ಯೂಟ್ರಲ್ ಕೆಳಗೆ ಒಂದಾಗುತ್ತದೆ. ಸಂಜೆ ಎಲ್ಲರ ಮನೆಯಲ್ಲಿ ಎಸಿ ಶುರುವಾದಾಗ ಆ ನ್ಯೂಟ್ರಲ್ಲಿನ ವೋಲ್ಟೇಜ್ ನೆಲದ್ದಕ್ಕಿಂತ ಸ್ವಲ್ಪ ಮೇಲೇರುತ್ತದೆ. ಅಡುಗೆಮನೆಯ ಸಾಕೆಟ್ಟಿನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಅಳೆದೆ. ಇಸ್ತ್ರಿ ಇಲ್ಲದೆ 1 ವೋಲ್ಟ್. ಇಸ್ತ್ರಿ ಹಾಕಿದಾಗ 2 ವೋಲ್ಟಿಗಿಂತ ತುಸು ಮೇಲೆ.

ಈಗ ಕಳ್ಳದಾರಿ ಎಲ್ಲಿದೆ ಎಂದು ನೋಡಬೇಕು. ಈ ಪರೀಕ್ಷೆ ಡಿಬಿಯ ಮುಚ್ಚಳ ತೆಗೆದು ಮಾಡುವಂಥದು, ಹಾಗಾಗಿ ಭಾವನನ್ನು ಮುಟ್ಟಲು ಬಿಡಲಿಲ್ಲ. ಆರ್‌ಸಿಸಿಬಿ ಆಫ್ ಮಾಡಿದರೂ ಅದರ ಒಳಬರುವ ಎರಡು ಸ್ಕ್ರೂಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕೆಳಗೆ ಮೀಟರ್ ರೂಮಿನ ಮೇನ್ ಸ್ವಿಚ್ ಆಫ್ ಮಾಡಿಸಿ, ಮಗಳನ್ನು ಅಲ್ಲೇ ನಿಲ್ಲಿಸಿದೆವು, ಯಾರೂ ಗೊತ್ತಿಲ್ಲದೆ ಆನ್ ಮಾಡಬಾರದು ನೋಡಿ. ಟೆಸ್ಟರನ್ನು ಮೊದಲು ಪಕ್ಕದ ಮನೆಯ ಕರೆಂಟ್ ಇರುವ ಸಾಕೆಟ್ಟಿಗೆ ಹಿಡಿದು ಉರಿಯುತ್ತದೆ ಎಂದು ನೋಡಿದೆ. ಆಮೇಲೆ ನಮ್ಮ ಡಿಬಿಗೆ ಹಿಡಿದೆ. ಮತ್ತೆ ಪಕ್ಕದ ಮನೆಯದಕ್ಕೆ. ಟೆಸ್ಟರ್ ಉರಿಯಲಿಲ್ಲ ಎಂದರೆ ಕರೆಂಟ್ ಇಲ್ಲ ಎಂದಾಗಬೇಕಿಲ್ಲ, ಟೆಸ್ಟರೇ ಕೆಟ್ಟಿರಬಹುದು. ಈ ಮೂರು ಹೆಜ್ಜೆಯನ್ನು ಮನೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ರೂಢಿ ಮಾಡಿಕೊಳ್ಳಬೇಕು.

ಆರ್‌ಸಿಸಿಬಿ ಆಫ್ ಇದ್ದಾಗ ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಆಗ ಮನೆಯ ನ್ಯೂಟ್ರಲ್ ಬಾರಿಗೂ ಅರ್ಥ್ ಬಾರಿಗೂ ಯಾವ ಸಂಬಂಧವೂ ಇರಬಾರದು. ಮಲ್ಟಿಮೀಟರ್ ಹಿಡಿದರೆ ಸುಮಾರು 70 ಓಮ್ ತೋರಿಸಿತು. ಅಲ್ಲಿಗೆ ಕಾರಣ ಖಚಿತವಾಯಿತು. 2.2 ವೋಲ್ಟನ್ನು 70ರಿಂದ ಭಾಗಿಸಿದರೆ 31 ಮಿಲಿ ಆಂಪಿಯರ್. 1 ವೋಲ್ಟಿಗೆ 14. ಒಂದರಲ್ಲಿ ಬೀಳುತ್ತದೆ, ಇನ್ನೊಂದರಲ್ಲಿ ನಿಲ್ಲುತ್ತದೆ. ಪಂಚಾಂಗದ ಬದಿಯ ಟಿಪ್ಪಣಿಗೂ ಈ ಲೆಕ್ಕಕ್ಕೂ ಸರಿಯಾಗಿ ತಾಳೆ ಬಿತ್ತು.

ಆಮೇಲಿನದು ತಾಳ್ಮೆಯ ಕೆಲಸ. ನ್ಯೂಟ್ರಲ್ ಬಾರಿನಿಂದ ಒಂದೊಂದೇ ವೈರ್ ಬಿಡಿಸಿ, ಅದಕ್ಕೆ ಚೀಟಿ ಅಂಟಿಸಿ, ಮತ್ತೆ ಮೀಟರ್ ಹಿಡಿಯುವುದು. ದೀಪದ್ದು ತೆಗೆದೆ, 70 ಹಾಗೇ ಇತ್ತು. ಅಡುಗೆಮನೆಯದು ತೆಗೆದೆ, ಹಾಗೇ ಇತ್ತು. ಗೀಸರಿನದು ತೆಗೆದ ಕೂಡಲೇ ಮೀಟರ್ ಏನೂ ತೋರಿಸಲಿಲ್ಲ.

"ಗೀಸರ್ ಆಫ್ ಇದೆಯಲ್ಲ ಮಾರಾಯ, ಒಂದು ತಿಂಗಳಿಂದ ಹಾಕಿಯೇ ಇಲ್ಲ" ಎಂದರು ಭಾವ.

ಸಾಕೆಟ್ ಬಿಚ್ಚಿದೆವು. ಬಚ್ಚಲುಮನೆಯ ತನಕ ಅರ್ಥ್ ವೈರ್ ಬಂದೇ ಇರಲಿಲ್ಲ. ಆ ಪಾಯಿಂಟ್ ಹಾಕಿದವರು ಬೆರಳಷ್ಟು ಉದ್ದದ ಒಂದು ತುಂಡು ವೈರಿನಿಂದ ನ್ಯೂಟ್ರಲ್ ಪಿನ್ನನ್ನೂ ಅರ್ಥ್ ಪಿನ್ನನ್ನೂ ಜೋಡಿಸಿದ್ದರು. ಮೂರು ದೀಪದ ಟೆಸ್ಟರ್ ಎಲ್ಲವೂ ಸರಿ ಎಂದು ತೋರಿಸಿದ್ದು ಇದರಿಂದಲೇ. ಫೇಸಿಗೂ ಅರ್ಥ್ ಪಿನ್ನಿಗೂ ನಡುವೆ 230 ವೋಲ್ಟ್ ಇದ್ದರೆ ಅದು ಒಪ್ಪಿಕೊಳ್ಳುತ್ತದೆ. ಆ ಪಿನ್ ನೆಲಕ್ಕೆ ಸೇರಿದೆಯೋ ನ್ಯೂಟ್ರಲ್ಲಿಗೆ ಸೇರಿದೆಯೋ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಫೇಸಿಗೂ ಅರ್ಥಿಗೂ ಬಲ್ಬ್ ಹಿಡಿದು ನೋಡುವ ವೈರ್‌ಮನ್‌ಗಳಿಗೂ ಇದೇ ಮೋಸ ಆಗುತ್ತದೆ, ಬಲ್ಬ್ ಜೋರಾಗಿಯೇ ಉರಿಯುತ್ತದೆ.

ದಾರಿ ಪೂರ್ತಿ ಹೀಗಿತ್ತು: ನ್ಯೂಟ್ರಲ್, ತುಂಡು ವೈರ್, ಅರ್ಥ್ ಪಿನ್, ಗೀಸರಿನ ಮೈ, ಗೀಸರಿಗೆ ಸೇರಿದ ಕಬ್ಬಿಣದ ನೀರಿನ ಪೈಪು, ಅಲ್ಲಿಂದ ನೆಲ. ಗೀಸರ್ ಸ್ವಿಚ್ ಆಫ್ ಇದ್ದರೂ ಈ ದಾರಿ ತೆರೆದೇ ಇತ್ತು. ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ.

ಎಷ್ಟು ಅಪಾಯ ಇತ್ತು

ಇದನ್ನು ಬಿಡಿಸಿ ಹೇಳಲೇಬೇಕು. ನ್ಯೂಟ್ರಲ್ ಕೊನೆಗೆ ಅರ್ಥಿಗೇ ಸೇರುವುದಲ್ವಾ, ಇಲ್ಲಿ ಸೇರಿಸಿದರೆ ಏನಾಯಿತು ಎಂದು ಕೆಲಸ ಗೊತ್ತಿದ್ದವರೂ ಕೇಳುತ್ತಾರೆ.

ಗೀಸರ್ ಸಾಕೆಟ್ಟಿಗೆ ಬರುವ ನ್ಯೂಟ್ರಲ್ ವೈರ್ ಎಲ್ಲೋ ಒಂದು ಸ್ಕ್ರೂ ಸಡಿಲವಾಗಿ ಬಿಟ್ಟುಕೊಂಡಿತು ಎಂದುಕೊಳ್ಳಿ. ಮುಂಬೈಯ ಉಪ್ಪು ಗಾಳಿಗೆ ಸ್ಕ್ರೂ ತುಕ್ಕು ಹಿಡಿಯುವುದು ಸಾಮಾನ್ಯ. ಗೀಸರ್ ಹಾಕಿದ ಕೂಡಲೇ ಫೇಸ್ ಕರೆಂಟ್ ಕಾಯಿಲ್ ದಾಟಿ ನ್ಯೂಟ್ರಲ್ ಪಿನ್ನಿಗೆ ಬರುತ್ತದೆ. ಮುಂದೆ ಹೋಗಲು ದಾರಿ ಇಲ್ಲ. ತುಂಡು ವೈರಿನ ಮೂಲಕ ಗೀಸರಿನ ಮೈಗೆ, ಅಲ್ಲಿಂದ ನಲ್ಲಿಗೆ ಬರುತ್ತದೆ. 2000 ವ್ಯಾಟಿನ ಕಾಯಿಲಿನ ಪ್ರತಿರೋಧ ಸುಮಾರು 26 ಓಮ್. ಪೈಪಿನ ದಾರಿ 70 ಓಮ್ ಎಂದು ಹಿಡಿದರೆ ನಲ್ಲಿಯ ಮೇಲೆ 160 ವೋಲ್ಟಿಗೂ ಮೇಲೆ ನಿಲ್ಲುತ್ತದೆ. ಒದ್ದೆ ಮೈಯಲ್ಲಿ ಅದನ್ನು ಮುಟ್ಟಿದರೆ ಉಳಿಯುವುದು ಕಷ್ಟ. ಹರಿಯುವ ಕರೆಂಟ್ ಎರಡೂವರೆ ಆಂಪಿಯರಿನೊಳಗೆ. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಂಸಿಬಿ ಇರುವುದು ವೈರ್ ಸುಡದ ಹಾಗೆ ಕಾಯಲು.

ಆರ್‌ಸಿಸಿಬಿ ಬರುವ ಮೊದಲು ಆ ಮನೆಯಲ್ಲಿ ಎಷ್ಟೋ ವರ್ಷ ಹೀಗೇ ಸ್ನಾನ ನಡೆದಿತ್ತು. ಅಕ್ಕ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಇನ್ನೊಂದು ವಿಷಯ ನನಗೆ ಹೆಚ್ಚು ಚಿಂತೆ ತಂದಿತು. ಕಟ್ಟಡದವರು ತುಕ್ಕು ಹಿಡಿದ ಕಬ್ಬಿಣದ ಪೈಪು ತೆಗೆದು ಪ್ಲಾಸ್ಟಿಕ್ ಪೈಪು ಹಾಕಿಸುವ ಮಾತಾಡುತ್ತಿದ್ದರು. ಹಾಗೆ ಮಾಡಿದ್ದರೆ ನೆಲದ ದಾರಿ ಮುಚ್ಚಿಹೋಗಿ, ಆರ್‌ಸಿಸಿಬಿ ಬೀಳುವುದು ತಾನಾಗಿ ನಿಲ್ಲುತ್ತಿತ್ತು. ಎಲ್ಲರೂ ತೊಂದರೆ ಹೋಯಿತು ಎಂದುಕೊಳ್ಳುತ್ತಿದ್ದರು. ತುಂಡು ವೈರ್ ಮಾತ್ರ ಅಲ್ಲೇ ಉಳಿಯುತ್ತಿತ್ತು. ನ್ಯೂಟ್ರಲ್ ಬಿಟ್ಟುಕೊಂಡ ದಿನ ಗೀಸರಿನ ಮೈ ಮೇಲೆ ಪೂರ್ತಿ 230 ವೋಲ್ಟ್ ಇರುತ್ತಿತ್ತು. ನಿಮ್ಮ ಕಟ್ಟಡದಲ್ಲಿ ಪೈಪು ಬದಲಿಸುವ ಕೆಲಸ ನಡೆಯುವುದಿದ್ದರೆ, ಅದಕ್ಕೆ ಮೊದಲೇ ಗೀಸರ್ ಪಾಯಿಂಟಿನ ಅರ್ಥಿಂಗ್ ಬಿಚ್ಚಿ ನೋಡಿಸಿ.

ದುರಸ್ತಿ: ಯಾರು ಏನು ಮಾಡಿದರು

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿವೆ. 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಬಂದವು. ಅದರ ಪ್ರಕಾರ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ಚಿನಂಥವನ್ನು ಇದ್ದ ಹಾಗೇ ಬದಲಿಸುವುದಕ್ಕೆ ಅಡ್ಡಿ ಇಲ್ಲ. ಹೊಸ ಪಾಯಿಂಟ್, ವೈರಿಂಗಿನ ಬದಲಾವಣೆ, ಹೆಚ್ಚುವರಿ ಕೆಲಸ ಇವೆಲ್ಲ ಪರವಾನಗಿ ಇರುವ ಕಂಟ್ರಾಕ್ಟರಿಂದಲೇ ಆಗಬೇಕು. ಈ ಗೆರೆ ನನಗೂ ಸರಿ ಎನಿಸುತ್ತದೆ. ಹಾಗಾಗಿ ಕೆಲಸ ಹಂಚಿಕೊಂಡೆವು.

ಡಿಬಿಯ ಅರ್ಥ್ ಬಾರಿನಿಂದ ಗೀಸರಿನ ತನಕ 2.5 ಚದರ ಮಿಲಿಮೀಟರಿನ ಹಸಿರು ವೈರ್ ಎಳೆದು ಜೋಡಿಸುವುದು, ತುಂಡು ವೈರ್ ತೆಗೆಯುವುದು, ಗೀಸರಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಿಪಿ ಸ್ವಿಚ್ಚನ್ನು ಬಚ್ಚಲುಮನೆಯ ಹೊರಗೆ ಹಾಕುವುದು, ಇಷ್ಟನ್ನು ಕಂಟ್ರಾಕ್ಟರೇ ಬಂದು ಮಾಡಿದರು. ಕೊನೆಗೆ 500 ವೋಲ್ಟಿನ ಮೆಗ್ಗರ್ ಎಂಬ ಮೀಟರ್ ಹಿಡಿದು, ವೈರುಗಳ ಸಿಪ್ಪೆಯಿಂದ ಕರೆಂಟ್ ಸೋರುತ್ತದೆಯೇ ಎಂದು ನೋಡಿದರು. ಕನಿಷ್ಠ 1 ಮೆಗಾ ಓಮ್ ಬರಬೇಕು. ಎಲ್ಲ ಸರ್ಕಿಟ್ಟೂ ಅದಕ್ಕಿಂತ ಬಹಳ ಮೇಲಿತ್ತು.

ಉಳಿದದ್ದು ಭಾವನ ಪಾಲು. ಲೋಹಾರ್ ಚಾಳಿನಿಂದ ವೈರ್ ತಂದರು. ಐಎಸ್‌ಐ ಗುರುತು, ಐಎಸ್ 694 (ವೈರಿನ ಭಾರತೀಯ ಮಾನಕ) ಎಂಬ ಬರಹ ವೈರಿನ ಮೈಮೇಲೇ ಇದೆಯೇ ಎಂದು ನೋಡಿಯೇ ತಂದರು. ಗೋಡೆಗೆ ವೈರ್ ಮುಚ್ಚುವ ಕೇಸಿಂಗ್ ಪಟ್ಟಿ ಹೊಡೆದರು. ಒಡೆದಿದ್ದ ಸ್ವಿಚ್ಚುಗಳನ್ನೂ ಸುಟ್ಟು ಕಪ್ಪಾಗಿದ್ದ ಒಂದು ಸಾಕೆಟ್ಟನ್ನೂ ಬದಲಿಸಿದರು. ಮೇನ್ ಆಫ್ ಮಾಡುವುದು, ಟೆಸ್ಟರ್ ನೋಡುವುದು, ಆಮೇಲೆ ಕೈ ಹಾಕುವುದು. ಇದನ್ನು ಒಮ್ಮೆಯೂ ಬಿಡಲಿಲ್ಲ.

ಸ್ವಿಚ್, ಸಾಕೆಟ್ ಬದಲಿಸುವಾಗ ಅವರಿಗೆ ತೋರಿಸಿಕೊಟ್ಟ ಕೆಲವು ವಿಷಯ ಇಲ್ಲಿ ಹೇಳುವಂಥವು. ಹಳೆಯ ಸಾಕೆಟ್ ಬಿಚ್ಚುವ ಮೊದಲೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ಸಾಕೆಟ್ಟನ್ನು ಎದುರಿನಿಂದ ನೋಡಿದರೆ ದೊಡ್ಡ ತೂತು ಮೇಲೆ, ಅದು ಅರ್ಥ್. ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಹಿಂದಿನಿಂದ ನೋಡುವಾಗ ಎಡಬಲ ಅದಲುಬದಲಾಗುತ್ತದೆ, ಅಲ್ಲಿರುವ ಅಕ್ಷರ ಓದಿಯೇ ಸೇರಿಸಬೇಕು. ವೈರಿನ ಸಿಪ್ಪೆ ಸ್ಕ್ರೂ ಒಳಗೆ ಸಿಕ್ಕಬಾರದು, ಬೆತ್ತಲೆ ತಾಮ್ರ ಹೊರಗೂ ಕಾಣಬಾರದು. ಬಿಗಿ ಮಾಡಿದ ಮೇಲೆ ಒಂದೊಂದೇ ವೈರನ್ನು ಕೈಯಿಂದ ಎಳೆದು ನೋಡಬೇಕು. ಬಿಟ್ಟು ಬಂದರೆ ಅದು ಬಿಗಿಯಾಗಿರಲಿಲ್ಲ. ಟೇಪ್ ಸುತ್ತಿದ ಜೋಡಣೆಯನ್ನು ಪಟ್ಟಿಯೊಳಗೆ ಮುಚ್ಚಿಡುವುದು ಬೇಡವೇ ಬೇಡ. ಹಳೆಯ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರನ್ನು ಸುಮ್ನೆ ತಿರುಚಿ ಸೇರಿಸುವುದಂತೂ ಇನ್ನೂ ಕೆಟ್ಟದ್ದು. ಸ್ವಲ್ಪ ದಿನಕ್ಕೆ ಸಡಿಲವಾಗಿ ಬಿಸಿಯಾಗುತ್ತದೆ.

ಬಾಲ್ಕನಿಯ ದೀಪದಲ್ಲಿ ಇನ್ನೊಂದು ಹಳೆಯ ತಪ್ಪು ಸಿಕ್ಕಿತು. ಸ್ವಿಚ್ ನ್ಯೂಟ್ರಲ್ ಮೇಲಿತ್ತು. ದೀಪ ಆರುತ್ತಿತ್ತು, ಹೋಲ್ಡರಿನಲ್ಲಿ ಮಾತ್ರ ಫೇಸ್ ಉಳಿದಿರುತ್ತಿತ್ತು. ಸ್ವಿಚ್ ಆಫ್ ಮಾಡಿ ಬಲ್ಬ್ ಬದಲಿಸುವವರಿಗೆ ಅಲ್ಲೇ ಶಾಕ್ ಕಾದಿತ್ತು. ಅದನ್ನೂ ಕಂಟ್ರಾಕ್ಟರ್ ಸರಿಪಡಿಸಿದರು.

ಡಿಬಿಯ ಮುಚ್ಚಳದ ಒಳಬದಿಗೆ ಮಗಳು ಒಂದು ಹಾಳೆ ಅಂಟಿಸಿದ್ದಾಳೆ. ಯಾವ ಎಂಸಿಬಿ ಯಾವ ಕೋಣೆಗೆ, ಯಾವ ಸೈಜಿನ ವೈರ್, ಯಾವಾಗ ಹಾಕಿದ್ದು ಎಂದು ಕನ್ನಡದಲ್ಲೇ ಬರೆದಿದ್ದಾಳೆ.

ಆಮೇಲೆ

ಆರ್‌ಸಿಸಿಬಿ ಆಫ್ ಇಟ್ಟು ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮತ್ತೆ ಅಳೆದೆವು. ಯಾವ ಸಂಬಂಧವೂ ಇಲ್ಲ. ಇಸ್ತ್ರಿ, ಮಿಕ್ಸಿ, ಗೀಸರ್ ಮೂರನ್ನೂ ಸಂಜೆ ಹೊತ್ತಿನಲ್ಲಿ ಒಟ್ಟಿಗೆ ಹಾಕಿ ನೋಡಿದೆವು. ಬೀಳಲಿಲ್ಲ. ಮಳೆಗಾಲವೂ ದಾಟಿತು, ಒಮ್ಮೆಯೂ ಬಿದ್ದಿಲ್ಲ ಎಂದು ಅಕ್ಕ ಹೇಳಿದರು.

ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವ ಕೆಲಸ ಅಕ್ಕನದು. ಅದು ಕೂಡಲೇ ಬೀಳಬೇಕು. ಆ ಬಟನ್ ನೋಡುವುದು ಆರ್‌ಸಿಸಿಬಿಯ ಒಳಗಿನ ಯಂತ್ರವನ್ನು ಮಾತ್ರ. ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೂ ಅದು ಬೀಳುತ್ತದೆ, ಹಾಗಾಗಿ ಬಟನ್ ಕೆಲಸ ಮಾಡಿತು ಎಂದು ಅರ್ಥಿಂಗ್ ಸರಿ ಇದೆ ಎಂದುಕೊಳ್ಳಬಾರದು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದುಕೊಂಡವರನ್ನು ಆರ್‌ಸಿಸಿಬಿ ಉಳಿಸುವುದಿಲ್ಲ ಎಂಬುದನ್ನೂ ಅವರಿಗೆ ಹೇಳಿದ್ದೇನೆ. ಹೋದಷ್ಟೇ ಕರೆಂಟ್ ವಾಪಸ್ ಬರುವುದರಿಂದ ಅದಕ್ಕೆ ಗೊತ್ತಾಗುವುದಿಲ್ಲ.

ಕೆಳಗಿನ ಮಾಳಿಗೆಯ ಮನೆಯವರೂ ಭಾವನಿಂದ ಕೇಳಿ ತಮ್ಮ ಗೀಸರ್ ಸಾಕೆಟ್ ಬಿಚ್ಚಿ ನೋಡಿಸಿದರು. ಅಲ್ಲಿಯೂ ಅಂಥದೇ ತುಂಡು ವೈರ್ ಇತ್ತು. ಬಹುಶಃ ಒಬ್ಬನೇ ವೈರ್‌ಮನ್ ಎರಡೂ ಮನೆಗೆ ಕೆಲಸ ಮಾಡಿರಬೇಕು. ಅವರದ್ದೂ ಈಗ ಸರಿಯಾಗಿದೆ. ಉಳಿದ ಮನೆಗಳಲ್ಲೂ ನೋಡಿಸಿ, ಆಮೇಲೆ ಪೈಪಿನ ಕೆಲಸ ಶುರು ಮಾಡೋಣ ಎಂದು ಭಾವ ಸೊಸೈಟಿಯ ಸಭೆಯಲ್ಲಿ ಹೇಳಿದ್ದಾರೆ. ಕೋಣೆಗಳ ಅಲ್ಯೂಮಿನಿಯಂ ವೈರಿಂಗ್ ಬದಲಿಸುವುದು ಬಾಕಿ ಇದೆ. ಅರ್ಥಿಂಗ್ ಇಲ್ಲದ ಆ ಎರಡು ಸಾಕೆಟ್ಟಿಗೂ ಆಗಲೇ ಹಸಿರು ವೈರ್ ಬರುತ್ತದೆ. ಅಲ್ಲಿಯವರೆಗೆ ಅವಕ್ಕೆ ಫೋನ್ ಚಾರ್ಜರ್ ಬಿಟ್ಟು ಬೇರೇನೂ ಹಾಕಬಾರದು ಎಂದು ಹಾಳೆಯಲ್ಲಿ ಬರೆದಿದೆ.